ಬೆಂಚ್‌ಮಾರ್ಕ್‌ಗೆ ‘ಮಾನದಂಡ’ ಸಾಕೇ, ‘ಒರೆಗಲ್ಲು’ ಬೇಕೇ?

ಗೆಳೆಯರೇ, ನಮಸ್ಕಾರ.

ಚಾಟ್‌ಜಿಪಿಟಿಯಂಥವುಗಳ ಹಿಂದಿರುವ ದೊಡ್ಡ ಭಾಷಾ ಮಾದರಿಗಳು ಎಷ್ಟು ಚೆನ್ನಾಗಿ ಕೋಡ್ ಬರೆಯುತ್ತವೆ ಅಂತ ಹೇಗೆ ಪರೀಕ್ಷೆ ಮಾಡುತ್ತಾರೆ? ಅದನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಎರಡು ಪದಗಳ ಹತ್ತಿರ ಕೈ ನಿಂತುಬಿಟ್ಟಿದೆ.

ಮೊದಲನೆಯದು ಬೆಂಚ್‌ಮಾರ್ಕ್, ಅಂದರೆ ಮಾದರಿಗಳನ್ನು ಪರೀಕ್ಷಿಸಲು ಕೊಡುವ ಲೆಕ್ಕಗಳ ಕಟ್ಟು. ಇದಕ್ಕೆ ‘ಮಾನದಂಡ’ ಅಂತ ಬರೆಯುವ ರೂಢಿ ಇದೆ. ಈ ಕೆಲಸಕ್ಕೆ ಅದು ಹೊಂದುತ್ತಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯವರು 2021ರಲ್ಲಿ ‘ಹ್ಯೂಮನ್‌ಇವಾಲ್’ ಅನ್ನುವ ಬೆಂಚ್‌ಮಾರ್ಕ್ ಹೊರತಂದರು. ಅದರಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಡಿಸಬೇಕಾದ 164 ಲೆಕ್ಕಗಳಿವೆ. ಮೊದಲನೇ ಲೆಕ್ಕ ಹೀಗಿದೆ: ಒಂದಷ್ಟು ಸಂಖ್ಯೆ ಕೊಡುತ್ತೇವೆ, ಅವುಗಳಲ್ಲಿ ಯಾವ ಎರಡರ ನಡುವೆಯಾದರೂ ನಾವು ಹೇಳಿದ್ದಕ್ಕಿಂತ ಕಡಿಮೆ ಅಂತರ ಇದೆಯಾ ನೋಡು. 1.0, 2.8, 3.0, 4.0, 5.0, 2.0 ಕೊಟ್ಟು ಅಂತರ 0.3 ಅಂದರೆ ‘ಹೌದು’ ಅಂತ ಬರಬೇಕು. 2.8, 3.0 ಅಷ್ಟು ಹತ್ತಿರ ಇವೆಯಲ್ಲ. ಮಾದರಿ ಬರೆದ ಕೋಡನ್ನು ಓಡಿಸಿ ನೋಡುತ್ತಾರೆ. ಎಲ್ಲ ಟೆಸ್ಟ್‌ಗಳೂ ಪಾಸಾದರೆ ಸರಿ, ಒಂದು ಫೇಲಾದರೂ ತಪ್ಪು.

‘ಎಲ್ಲ ಟೆಸ್ಟ್ ಪಾಸಾಗಬೇಕು’ ಅನ್ನುವುದು ಮಾನದಂಡ. 164 ಲೆಕ್ಕಗಳ ಕಟ್ಟು ಬೇರೆ. ಎರಡಕ್ಕೂ ಒಂದೇ ಪದ ಬಳಸಿದರೆ ‘ಈ ಮಾನದಂಡದ ಮಾನದಂಡವೇನು’ ಅಂತ ಬರೆಯಬೇಕಾಗುತ್ತದೆ. ಅದಕ್ಕೇ ಆ ಕಟ್ಟಿಗೆ ‘ಒರೆಗಲ್ಲು’ ಅನ್ನೋಣ ಅನ್ನಿಸುತ್ತಿದೆ. ‘ಒರೆಗೆ ಹಚ್ಚು’ ಅನ್ನುವ ಕ್ರಿಯಾಪದವೂ ಜೊತೆಗೇ ಸಿಗುತ್ತದೆ. ‘ಈ ಮಾದರಿಯನ್ನು ಹ್ಯೂಮನ್‌ಇವಾಲ್‌ನಲ್ಲಿ ಒರೆಗೆ ಹಚ್ಚಿದರು’ — ಬಾಯಿಗೆ ಸಲೀಸು, ಅಲ್ವಾ?

ಅಳುಕು ಒಂದೇ. ಅಕ್ಕಸಾಲಿಗರ ಒರೆಗಲ್ಲಿಗೆ ಎಷ್ಟು ಚಿನ್ನ ಉಜ್ಜಿದರೂ ಕಲ್ಲಿನ ಗುಣ ಹೋಗುವುದಿಲ್ಲ. ಈ ಲೆಕ್ಕಗಳ ಕಟ್ಟಿನ ಗುಣ ಹೋಗಿಬಿಡಬಹುದು. ಲೆಕ್ಕ, ಉತ್ತರ ಎರಡೂ ಅಂತರ್ಜಾಲದಲ್ಲಿ ಹರಡಿ ಮಾದರಿಯ ತರಬೇತಿಗೆ ಸೇರಿದರೆ, ಅದು ಉರು ಹೊಡೆದದ್ದನ್ನೇ ಒಪ್ಪಿಸಬಹುದು. ಹ್ಯೂಮನ್‌ಇವಾಲ್‌ನ ಲೆಕ್ಕಗಳನ್ನು ಹೊಸದಾಗಿ ಕೈಯಲ್ಲೇ ಬರೆದದ್ದು ಈ ಭಯಕ್ಕೇ.

ನನ್ನ ಎರಡನೇ ಪದ ಇದೇ, ಕಂಟಾಮಿನೇಶನ್. ‘ಮಾಲಿನ್ಯ’ ಅಂತ ಬರೆದು ಗೆಳತಿಯೊಬ್ಬಳಿಗೆ ಓದಲು ಕೊಟ್ಟೆ. ಅವಳ ಕಣ್ಣಿಗೆ ಕಂಡದ್ದು ಕೆರೆಯ ನೊರೆ. ‘ಕಲಬೆರಕೆ’ ಅಂದರೆ ಹಾಲಿಗೆ ನೀರು ಬೆರೆಸಿದ ಹಾಗೆ, ಬೇಕಂತಲೇ ಮಾಡಿದ ಮೋಸ. ಇಲ್ಲಿ ಯಾರೂ ಬೇಕಂತ ಮಾಡದೆಯೂ ಆಗಬಹುದು. ‘ಪ್ರಶ್ನೆ ಸೋರಿಕೆ’ ಅಂದ ಕೂಡಲೇ ಅವಳಿಗೆ ಹೊಳೆಯಿತು. ಪ್ರಶ್ನೆಪತ್ರಿಕೆ ಸೋರಿದ ಸುದ್ದಿ ಓದದವರು ಯಾರಿದ್ದಾರೆ?

ನಾನೂ ಅದಕ್ಕೇ ಒಪ್ಪಿಕೊಂಡಿದ್ದೆ. ಆಮೇಲೆ 2023ರ ‘ಎಸ್‌ಡಬ್ಲ್ಯುಇ-ಬೆಂಚ್’ ಅನ್ನುವ ಇನ್ನೊಂದು ಬೆಂಚ್‌ಮಾರ್ಕ್ ಬಗ್ಗೆ ಬರೆಯುವಾಗ ಮತ್ತೆ ತೊಡಕಾಯಿತು. ಅದರಲ್ಲಿರುವುದು ಪೈಥಾನ್‌ನಲ್ಲಿ ಬರೆದ 12 ಮುಕ್ತ ತಂತ್ರಾಂಶಗಳಿಂದ ಆಯ್ದ 2,294 ನಿಜವಾದ ತೊಂದರೆಗಳು. ಅವುಗಳ ಪರಿಹಾರ ಮೊದಲಿನಿಂದಲೂ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಜಾಲತಾಣದಲ್ಲಿ ಎಲ್ಲರ ಕಣ್ಣೆದುರೇ ಇತ್ತು. ಸೋರಬೇಕಾದರೆ ಮೊದಲು ಗುಟ್ಟಾಗಿರಬೇಕಲ್ಲ? ಗುಟ್ಟೇ ಅಲ್ಲದ್ದನ್ನು ‘ಸೋರಿತು’ ಅನ್ನಬಹುದೇ? ನಿಮ್ಮ ಊರಿನ ಮಾತಿನಲ್ಲಿ ಇದಕ್ಕೆ ಒಪ್ಪುವ ಪದ ಇದ್ದರೆ ದಯವಿಟ್ಟು ತಿಳಿಸಿ.