ಪದಚರ್ಚೆ: ರಸ್ತೆ ಕೆಲಸ ಮುಗಿಯಿತೋ, ತೀರಿತೋ, ಚುಕ್ತಾ ಆಯಿತೋ?

ಎಲ್ಲರಿಗೂ ಕಾರವಾರದಿಂದ ನಮಸ್ಕಾರ.

ಒಂದು ಪದಕ್ಕಾಗಿ ಎರಡು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಸ್ವಲ್ಪ ಸಹಾಯ ಮಾಡಿ.

ವಿಷಯ ಇಷ್ಟು. ನಮ್ಮ ಓಣಿಯವರೊಬ್ಬರ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವಳ ಮನೆ ಮುಂದಿನ ಬೀದಿಗೆ ಹೊಸ ಡಾಂಬರು ಹಾಕಿದರಂತೆ. ಕೆಲಸ ಆದ ಮೇಲೆ ಅಲ್ಲಿಯ ನಗರಾಡಳಿತದವರು ಸಭೆಯ ಮುಂದಿಟ್ಟ ಎರಡು ಪುಟದ ಟಿಪ್ಪಣಿಯನ್ನು ಅವಳು ಅಪ್ಪನಿಗೆ ಕಳಿಸಿದಳು. ಅಪ್ಪ ಅದನ್ನು ತಂದು ನನ್ನ ಕೈಗಿಟ್ಟರು. "ಕನ್ನಡ ಮಾಡಿ ಕೊಡಿ, ಓಣಿಯ ಸಭೆಯಲ್ಲಿ ಓದಿ ಹೇಳೋಣ" ಅಂದರು. ನಾನೂ ಸುಮ್ನೆ ಹೂಂ ಅಂದುಬಿಟ್ಟೆ. ಶೀರ್ಷಿಕೆಯಲ್ಲೇ ಎಡವಿ ಬಿದ್ದೆ. ಅದರಲ್ಲಿ ಮೂರು ಮಾತುಗಳಿವೆ: ರಿಪೇವಿಂಗ್, ರಿಹ್ಯಾಬಿಲಿಟೇಶನ್, ಕ್ಲೋಸ್‌ಔಟ್.

ಮೊದಲನೆಯದು ಸುಲಭ. ಪೇಪರಿನವರು 'ಮರುಡಾಂಬರೀಕರಣ' ಅಂತ ಬರೆಯುತ್ತಾರೆ. ಬಾಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. 'ಮತ್ತೆ ಡಾಂಬರು ಹಾಕಿದರು' ಅಂದರೆ ಸಾಕು. ಆದರೆ ಅಲ್ಲಿ ಹೊಸದನ್ನು ಹಾಕುವ ಮೊದಲು ಹಳೆಯ ಪದರವನ್ನು ಹಲ್ಲಿರುವ ಯಂತ್ರದಿಂದ ಕಿತ್ತು ತೆಗೆಯುತ್ತಾರೆ. ಇದಕ್ಕೆ ನಾನು 'ಹೆರೆಯುವುದು' ಅಂತ ಬರೆದೆ. ನಮ್ಮ ಕಡೆ ಕಾಯಿ ಹೆರೆಯುತ್ತಾರಲ್ಲ, ಅದೇ. ಹೆರೆಯದೆ ಮೇಲಿಂದ ಮೇಲೆ ಪದರ ಹಾಕುತ್ತಾ ಹೋದರೆ ರಸ್ತೆ ಎತ್ತರವಾಗಿ, ಮನೆಯ ಅಂಗಳ ತಗ್ಗಾಗಿ, ಜೂನ್ ತಿಂಗಳಲ್ಲಿ ನೀರು ಮೆಟ್ಟಿಲು ಹತ್ತುತ್ತದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ 'ಹೆರೆ' ಎಂಬ ಪದಕ್ಕೆ ಯಾರೂ ತಕರಾರು ಮಾಡುವುದಿಲ್ಲ ಅಂದುಕೊಂಡಿದ್ದೇನೆ.

ಎರಡನೆಯದರಲ್ಲಿ ನಿಜವಾಗಿ ಕಷ್ಟವಾಯಿತು. ಫೋನಿನ ಅನುವಾದಕ 'ರಸ್ತೆ ಪುನರ್ವಸತಿ ಯೋಜನೆ' ಅಂತ ಕೊಟ್ಟಿತು. ಬೇರೆ ಊರಿನವರು ಇದನ್ನು ಓದಿ ನಕ್ಕು ಬಿಡಬಹುದು. ಕಾರವಾರದಲ್ಲಿ ಹಾಗಲ್ಲ. ಇಲ್ಲಿ ಪುನರ್ವಸತಿ ಅಂದರೆ ಸೀಬರ್ಡ್. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು, ಕಡಲ ದಂಡೆಯ ಮನೆ ತೋಟ ಬಿಟ್ಟು ಕಾಲೊನಿಗಳಿಗೆ ಬಂದ ಕಾರವಾರ, ಅಂಕೋಲೆಯ ಜನ. ಘಟ್ಟ ಹತ್ತಿದರೆ ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಂಡು ರಾಮನಗರಕ್ಕೆ ಬಂದವರು. ಈ ಪದ ಕೇಳಿದರೆ ಪರಿಹಾರದ ಫೈಲು, ಕೋರ್ಟು, ಸೈಟಿನ ಹಕ್ಕುಪತ್ರ ಇವೇ ನೆನಪಿಗೆ ಬರುತ್ತವೆ. ಅಂಥ ಪದವನ್ನು ಡಾಂಬರಿಗೆ ಅಂಟಿಸಲು ನನಗೆ ಮನಸ್ಸು ಬರಲಿಲ್ಲ. ವಸತಿ ಅಂದರೆ ಮನೆ. ರಸ್ತೆಗೆ ಎಂಥ ಮನೆ?

'ಪುನಶ್ಚೇತನ' ಭಾಷಣದ ಮಾತು. 'ಜೀರ್ಣೋದ್ಧಾರ' ಅರ್ಥದಲ್ಲಿ ಹತ್ತಿರವೇ, ಆದರೆ ಅದು ದೇವಸ್ಥಾನಕ್ಕೆ ಮೀಸಲಾಗಿದೆ. 'ಕಾಯಕಲ್ಪ' ಪತ್ರಿಕೆಯ ಶೀರ್ಷಿಕೆಗಳಲ್ಲಿ ಸವೆದು ಹೋಗಿದೆ. ಕೊನೆಗೆ 'ದುರಸ್ತಿ' ಅಂತಲೇ ಇಟ್ಟೆ. ಬರೀ ಗುಂಡಿ ಮುಚ್ಚಿದರೆ ಅದು ತೇಪೆ. ತಳದ ಜಲ್ಲಿ ಸರಿಪಡಿಸಿ, ಚರಂಡಿ ಬಿಡಿಸಿ, ವಾಟ ಕೊಟ್ಟು ಮೇಲೆ ಡಾಂಬರು ಹಾಕಿದರೆ ದುರಸ್ತಿ. ವಾಟ ಅಂದರೆ ಗಾರೆಯವರು ನೆಲಕ್ಕೆ ಕೊಡುವ ಇಳಿಜಾರು. ಡಾಂಬರು ರಸ್ತೆಗೆ ನಡುವಿನಿಂದ ಅಂಚಿನ ಕಡೆಗೆ ಮೀಟರಿಗೆ ಸುಮಾರು 2ರಿಂದ 2.5 ಸೆಂಟಿಮೀಟರ್ ಇಳಿತ ಬೇಕು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ನಮ್ಮಲ್ಲಿ ವಾಟ ತಪ್ಪಿತು ಅಂದರೆ ನೀರು ನಿಂತು, ಜಲ್ಲಿಗೂ ಡಾಂಬರಿಗೂ ನಡುವೆ ನುಸುಳಿ, ಎರಡನ್ನೂ ಬೇರೆ ಮಾಡಿಬಿಡುತ್ತದೆ. ಆಮೇಲೆ ಉಳಿಯುವುದು ಬಿಡಿ ಜಲ್ಲಿ.

ಈಗ ನನ್ನ ಮುಖ್ಯ ಪ್ರಶ್ನೆ. ಕ್ಲೋಸ್‌ಔಟ್‌ಗೆ ಕನ್ನಡದಲ್ಲಿ ಏನು?

ಕೆಲಸ ಶುರು ಮಾಡಲು ನಮ್ಮಲ್ಲಿ ಎಷ್ಟು ಪದಗಳಿವೆ ನೋಡಿ. ಗುದ್ದಲಿ ಪೂಜೆ, ಭೂಮಿ ಪೂಜೆ, ಶಂಕುಸ್ಥಾಪನೆ, ಚಾಲನೆ. ರಿಬ್ಬನ್ ಕತ್ತರಿಸಲು ಉದ್ಘಾಟನೆ, ಲೋಕಾರ್ಪಣೆ. ಆದರೆ ರಿಬ್ಬನ್ ಕತ್ತರಿಸಿ, ಹೂವಿನ ಹಾರ ಬಾಡಿದ ಮೇಲೆ ಆಗಬೇಕಾದ ಕೆಲಸಕ್ಕೆ ಒಂದು ಪದವೂ ಸಿಗುತ್ತಿಲ್ಲ. ಬೋರ್ಡಿನ ಮೇಲೆ 'ಕಾಮಗಾರಿ ಮುಕ್ತಾಯ ದಿನಾಂಕ' ಅಂತ ಇರುತ್ತದೆ ನಿಜ. ಅದು ರೋಲರ್ ವಾಪಸ್ ಹೋದ ದಿನ, ಅಷ್ಟೇ.

ಟಿಪ್ಪಣಿಯಲ್ಲಿ ಇರುವುದೇ ಬೇರೆ. ಅದರಲ್ಲಿ ಡಾಂಬರಿನ ಮಾತು ಕಡಿಮೆ, ಲೆಕ್ಕದ ಮಾತು ಜಾಸ್ತಿ. ಇಂಜಿನಿಯರು ಬೀದಿ ನಡೆದು ನೋಡಿ ಸಣ್ಣಪುಟ್ಟ ಬಾಕಿಗಳ ಪಟ್ಟಿ ಮಾಡುತ್ತಾರೆ. ಚೇಂಬರಿನ ಮುಚ್ಚಳ ರಸ್ತೆಯ ಮಟ್ಟಕ್ಕೆ ಬಂದಿಲ್ಲ, ಬಿಳಿ ಗೆರೆ ಒಂದು ಕಡೆ ಬಿಟ್ಟುಹೋಗಿದೆ, ಇಂಥವು. ಅವು ಸರಿಯಾದ ಮೇಲೆ ಸಭೆ ಕೆಲಸವನ್ನು ಒಪ್ಪಿಕೊಳ್ಳುತ್ತದೆ. ಆಮೇಲೆ ಕೆಲಸ ಪೂರ್ತಿಯಾಯಿತು ಎಂಬ ಸೂಚನೆಯನ್ನು ಕೌಂಟಿಯ, ಅಂದರೆ ಅಲ್ಲಿಯ ಜಿಲ್ಲೆಯ, ದಫ್ತರದಲ್ಲಿ ನೋಂದಾಯಿಸುತ್ತಾರೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಇದಕ್ಕೆ ಕೆಲಸ ಪೂರ್ತಿಯಾದ ದಿನದಿಂದ 15 ದಿನ ಸಮಯ. ನೋಂದಾಯಿಸಿದ ದಿನದಿಂದ 30 ದಿನದೊಳಗೆ ಜಲ್ಲಿ ಕೊಟ್ಟವರು, ಒಳಗುತ್ತಿಗೆ ಮಾಡಿದವರು ತಮಗೆ ಬರಬೇಕಾದ ಬಾಕಿ ಕೇಳಬೇಕು. ಸೂಚನೆಯನ್ನೇ ನೋಂದಾಯಿಸದಿದ್ದರೆ ಆ ಗಡುವು 90 ದಿನ. ಇಷ್ಟೆಲ್ಲ ಆದ ಮೇಲೆ ಗುತ್ತಿಗೆದಾರರಿಂದ ಹಿಡಿದಿಟ್ಟುಕೊಂಡ ಹಣ ಬಿಡುಗಡೆ.

ಇದನ್ನೆಲ್ಲ ಸೇರಿಸಿ ಒಂದೇ ಮಾತಿನಲ್ಲಿ ಹೇಳಬೇಕು. 'ಮುಕ್ತಾಯ' ಅಂದರೆ ಅರ್ಧ ಮಾತ್ರ ಬಂತು. 'ಯೋಜನೆ ಮುಚ್ಚಿದರು' ಅಂದರೆ ಅರ್ಧಕ್ಕೆ ಕೈಬಿಟ್ಟರು ಅಂತಾಗುತ್ತದೆ. 'ಮಂಗಳ' ಬಹಳ ಚಂದ ಅನಿಸಿತ್ತು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರಿಗೆ ಬೆಳಗಿನ ಮಂಗಳ ಪದ ಕೇಳಿದರೆ ಆಗುವ ಸಮಾಧಾನವೇ ಬೇರೆ. ಆದರೆ ಪತ್ರಿಕೆಗಳು 'ಯೋಜನೆಗೆ ಮಂಗಳ ಹಾಡಿದರು' ಅಂತ ಬರೆದು ಬರೆದು ಅದಕ್ಕೂ ಕೈಬಿಟ್ಟ ಅರ್ಥವೇ ಬಂದಿದೆ. ಶಿರಸಿಯ ಗೆಳೆಯರಿಗೆ ಫೋನ್ ಮಾಡಿ 'ಕಾಮಗಾರಿಯ ಕೊನೆ' ಅಂದರೆ ಹೇಗೆ ಅಂತ ಕೇಳಿದೆ. "ಕೊನೆ ಕೊಯ್ಯಲು ಕೊನೆಗೌಡನಿಗೆ ಹೇಳಬೇಕಾ?" ಅಂತ ನಕ್ಕರು. ಅಡಿಕೆ ನಾಡಿನಲ್ಲಿ ಕೊನೆ ಅಂದರೆ ಅಡಿಕೆ ಗೊನೆ, ಅದು ಮರದ ಮೇಲೆಯೇ ಇರುತ್ತದೆ.

ನಮ್ಮ ಓಣಿಯಲ್ಲಿ ಕೊಂಕಣಿಯೂ ಕನ್ನಡದಷ್ಟೇ ಓಡುತ್ತದೆ. 'ಕಾಮ್ ಜಾಲೆಂ' ಬೇರೆ, 'ಕಾಮ್ ಸಂಪ್ಲೆಂ' ಬೇರೆ. ಕನ್ನಡದಲ್ಲೂ 'ಆಯ್ತು' ಬೇರೆ, 'ಮುಗೀತು' ಬೇರೆ ಅಲ್ವಾ? ಆದರೆ ಈ ನಾಲ್ಕರಲ್ಲಿ ಯಾವುದರಲ್ಲೂ ಹಣದ ವಾಸನೆ ಇಲ್ಲ.

ರಸ್ತೆ ಕೆಲಸದವರನ್ನೇ ಕೇಳೋಣ ಅಂತ ಪರಿಚಯದ ಸೂಪರ್‌ವೈಸರ್ ಒಬ್ಬರನ್ನು ಹಿಡಿದೆ. "ಎಂಬಿ ಬರೆದು, ಫೈನಲ್ ಬಿಲ್ ಆಗಿ, ಡಿಪಾಸಿಟ್ ಕೈಗೆ ಬಂದರೆ ಚುಕ್ತಾ" ಅಂದರು. ಎಂಬಿ ಅಂದರೆ ಅಳತೆ ಪುಸ್ತಕ. ಚುಕ್ತಾ ನನಗೆ ತುಂಬಾ ಹಿಡಿಸಿತು. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಆಡಳಿತದಲ್ಲಿತ್ತು, 1956ರಲ್ಲಿ ಈಚೆ ಬಂತು. ಮರಾಠಿ ದಫ್ತರದ ಮಾತುಗಳು ಇಲ್ಲಿ ಇನ್ನೂ ಹಸಿಯಾಗಿವೆ. ಆದರೆ ಚುಕ್ತಾ ಬರೀ ಹಣದ ಮಾತು. ಚೇಂಬರಿನ ಮುಚ್ಚಳ ತಗ್ಗಿನಲ್ಲೇ ಉಳಿದರೂ ಲೆಕ್ಕ ಚುಕ್ತಾ ಆಗಬಹುದು. ಬಾಕಿ ಏನೂ ಇಲ್ಲ ಅಂತ ಸೊಸೈಟಿಗಳಲ್ಲಿ ಕೊಡುವ 'ಬೇಬಾಕಿ' ಪತ್ರಕ್ಕೂ ಇದೇ ಕೊರತೆ.

ಹಾಗೆ ಹುಡುಕುತ್ತಾ 'ತೀರು' ಎಂಬಲ್ಲಿಗೆ ಬಂದೆ. ಸಾಲ ತೀರಿಸುತ್ತೇವೆ. ಋಣ ತೀರಿಸುತ್ತೇವೆ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆ ಜಾತ್ರೆಗೆ ಹೋಗಿ ಹರಕೆ ತೀರಿಸುತ್ತೇವೆ. 'ಹರಕೆ ಮುಗಿಸಿದೆ' ಅಂತ ಯಾರೂ ಅನ್ನುವುದಿಲ್ಲ. ಯಾಕೆಂದರೆ ಅಲ್ಲಿ ಒಂದು ಮಾತು ಕೊಟ್ಟಿದ್ದೇವೆ, ಅದು ನಮ್ಮ ಮೇಲಿದೆ, ಇಳಿಸಬೇಕು. ಇದರಲ್ಲಿ ಕೆಲಸವೂ ಬಂತು, ಹಣವೂ ಬಂತು, ಕೊಟ್ಟ ಮಾತೂ ಬಂತು. ತೀರ್ಪು, ತೀರ್ಮಾನ ಎಲ್ಲ ಇದೇ ಬಳ್ಳಿಯವು. 'ತೀರುವಳಿ' ಎಂಬ ರೂಪ ಹಳೆಯ ಲೆಕ್ಕಪತ್ರಗಳ ಭಾಷೆಯಲ್ಲಿ ಇದ್ದೇ ಇದೆ. ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಹಾಗಾಗಿ ಶೀರ್ಷಿಕೆಯನ್ನು 'ಬೀದಿ ದುರಸ್ತಿ ಮತ್ತು ಮರುಡಾಂಬರು: ಕಾಮಗಾರಿ ತೀರುವಳಿ' ಅಂತ ಬರೆದೆ.

ಬರೆದು ಪಕ್ಕದ ಮನೆಯ ಅಕ್ಕೋರಿಗೆ ತೋರಿಸಿದೆ. ಶಾಲೆಯಿಂದ ನಿವೃತ್ತರಾದರೂ ಕೆಂಪು ಪೆನ್ನು ಬಿಟ್ಟಿಲ್ಲ. "ತೀರಿಕೊಂಡಿತು ಅಂದ ಹಾಗೆ ಕೇಳುತ್ತದಲ್ಲ" ಅಂದರು. ನಾನು ವಾದ ಮಾಡಿದೆ. ತೀರಿಕೊಳ್ಳುವುದು ಬೇರೆ, ತೀರಿಸುವುದು ಬೇರೆ ಅಂದೆ. "ಒಂದು ಮಳೆಗಾಲ ಕಳೆಯಲಿ, ಎರಡೂ ಒಂದೇ ಆಗುತ್ತದೆ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮನ್ನು ಕೇಳುವುದು ಎರಡೇ. ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಅಥವಾ ಘಟ್ಟದ ಮೇಲೆ ಕೆಲಸ, ಲೆಕ್ಕ, ಹೊಣೆ ಮೂರನ್ನೂ ಸೇರಿಸಿ ಹೇಳುವ ಬಳಕೆಯ ಮಾತು ಇದೆಯಾ? ಮನೆ ಕಟ್ಟಿದವರು, ದೋಣಿ ಮಾಡಿಸಿದವರು ಏನೆನ್ನುತ್ತಾರೆ? ಇನ್ನೊಂದು, ಆ ಸಣ್ಣಪುಟ್ಟ ಬಾಕಿಗಳ ಪಟ್ಟಿ. ಅದಕ್ಕೆ ಅಲ್ಲಿ ಪಂಚ್ ಲಿಸ್ಟ್ ಅಂತಾರೆ. ನಾನು 'ಕುಂದುಪಟ್ಟಿ' ಅಂತ ಬರೆದಿದ್ದೇನೆ. ಸ್ವಲ್ಪ ಬೈಗುಳದ ಹಾಗೆ ಕೇಳುತ್ತದೆ ಅಂತ ಅನುಮಾನ.

ಓಣಿಯ ಸಭೆ ಬರುವ ಭಾನುವಾರ. ಶನಿವಾರ ಸಂಜೆಯೊಳಗೆ ಒಳ್ಳೆಯ ಪದ ಸಿಕ್ಕರೆ ತಿದ್ದುತ್ತೇನೆ. ಸಿಗದಿದ್ದರೆ 'ತೀರುವಳಿ' ಅಂತಲೇ ಓದುತ್ತೇನೆ. ಅಕ್ಕೋರು ಮುಂದಿನ ಸಾಲಿನಲ್ಲೇ ಕೂರುತ್ತಾರೆ.