ಹತ್ತನೇ ಕ್ಲಾಸಿನ ಮಕ್ಕಳಿಗೆ 'ಮುಂದೇನು' ಹೇಳಿಕೊಡೋದು ಹೇಗೆ?

ಕೇಳಿದವರು, ಧಾರವಾಡ ತಾಲ್ಲೂಕು: ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಕೌನ್ಸೆಲಿಂಗ್ ಕೆಲಸವೂ ನನಗೇ ಬಂದಿದೆ. ಎರಡು ದಿನ ತರಬೇತಿ ಆಯಿತು. ಇನ್ನು ಬೇರೆ ಶಾಲೆಯ ನಾಲ್ವರು ಶಿಕ್ಷಕರನ್ನು ನಾನೇ ತಯಾರು ಮಾಡಬೇಕು. ಸ್ಲೈಡು ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಗದಗಿನಿಂದ: ಅಕ್ಕೋರೆ, ನನ್ನ ತಪ್ಪಿನಿಂದಲೇ ಶುರು ಮಾಡ್ತೀನಿ. ಒಬ್ಬ ಹುಡುಗಿ ನರ್ಸಿಂಗ್ ಅಂದಳು. ಮಾರ್ಕ್ಸ್ ಚೆನ್ನಾಗಿದ್ದವು. 'ಸೈನ್ಸ್ ತಗೋ, ಡಾಕ್ಟರೇ ಆಗಬಹುದು' ಅಂದೆ. ಅವಳು ಬಸ್ ಪಾಸಿನ ಕವರ್ ತಿರುವುತ್ತಾ ಹೂಂ ಅಂದಳು. ಮೂರೇ ತಿಂಗಳಿಗೆ ಕಾಲೇಜು ಬಿಟ್ಟಳು. ಲ್ಯಾಬ್ ಮುಗಿಯೋ ಹೊತ್ತಿಗೆ ಅವರ ಊರಿನ ಕೊನೇ ಬಸ್ ಹೋಗಿರುತ್ತಿತ್ತಂತೆ. ಪಾಸು ಅವಳ ಕೈಯಲ್ಲೇ ಇತ್ತು, ನಾನು ಬಸ್ಸಿನ ಮಾತೇ ಎತ್ತಿರಲಿಲ್ಲ.

ಈಗ ಹೊಸ ಶಿಕ್ಷಕರಿಗೆ ಮೊದಲು ಒಂದೇ ಕೆಲಸ ಕೊಡ್ತೀನಿ. ಇಬ್ಬರು ಎದುರುಬದುರು ಕೂರಬೇಕು, ಒಬ್ಬರು ವಿದ್ಯಾರ್ಥಿ. ಇನ್ನೊಬ್ಬರು ಹತ್ತು ನಿಮಿಷ ಬರೀ ಪ್ರಶ್ನೆ ಕೇಳಬೇಕು, ಬುದ್ಧಿ ಹೇಳಂಗಿಲ್ಲ. ಮೂರನೇ ನಿಮಿಷಕ್ಕೇ ಹೇಳಿಬಿಡ್ತಾರೆ, ನಮ್ಮ ಮೇಷ್ಟ್ರ ಜಾತಿಯೇ ಹಂಗೆ ಅಲ್ವಾ! ಮನೇಲಿ ಯಾರು ಎಲ್ಲಿವರೆಗೆ ಓದಿದಾರೆ, ಸಂಜೆ ಎಷ್ಟಕ್ಕೆ ಮನೆ ಸೇರ್ತಾರೆ, ಫೀಸು ಯಾರು ಕಟ್ತಾರೆ: ಇದು ಗೊತ್ತಾಗದೆ ಕೋರ್ಸಿನ ಹೆಸರು ಎತ್ತಬೇಡಿ.

ಹಾವೇರಿ, ಗಣಿತ ಮೇಷ್ಟ್ರು: ಕಾಗದಪತ್ರ ಮರೀಬೇಡ್ರಿ. ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗ್ರಾಮೀಣ ಕೋಟಾ 15%, ಕನ್ನಡ ಮಾಧ್ಯಮಕ್ಕೆ 5%. ಹಳ್ಳಿಯಲ್ಲಿ, ಇಲ್ಲಾ ಕನ್ನಡದಲ್ಲಿ ಹತ್ತು ವರ್ಷ ಓದಿದ್ದಕ್ಕೆ ಸರ್ಟಿಫಿಕೇಟ್ ಬೇಕು, ಹಳ್ಳಿಯದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಶಾಲೆ ಬಿಡೋ ಮೊದಲೇ ಮಾಡಿಸಿಬಿಡಿ. ಎನ್ಎಂಎಂಎಸ್ ಅನ್ನೋ ವಿದ್ಯಾರ್ಥಿವೇತನದ ಪರೀಕ್ಷೆ ಇರೋದು ಎಂಟನೇ ಕ್ಲಾಸಿಗೆ. ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಹತ್ತನೇ ಕ್ಲಾಸಲ್ಲಿ ಎಚ್ಚರಾದರೆ ಅದು ಕೈತಪ್ಪಿರುತ್ತೆ.

ಹುಬ್ಬಳ್ಳಿ, ಪಾಲಿಟೆಕ್ನಿಕ್: ಇನ್ನೊಂದು. 'ಮಾರ್ಕ್ಸ್ ಬರಲಿಲ್ಲಂದ್ರ ಐಟಿಐಗೆ ಹಾಕ್ರಿ' ಅಂತ ಹುಡುಗನ ಎದುರೇ ಅನ್ನಬೇಡಿ. ಐಟಿಐ ಆದವರು ಡಿಪ್ಲೊಮಾ ಎರಡನೇ ವರ್ಷಕ್ಕೆ, ಡಿಪ್ಲೊಮಾ ಆದವರು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಇದು ಎಷ್ಟೋ ಶಿಕ್ಷಕರಿಗೇ ಗೊತ್ತಿಲ್ಲ.

ಮತ್ತೆ ಹಾವೇರಿ: ಹೌದ್ರೀ. ಬಿಎಸ್ಸಿ ಕೃಷಿಗೆ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಬೀಜ ಗುರುತಿಸೋವಂಥ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬ್ಯಾಡಗಿ ಕಡೆಯ ನಮ್ಮೊಬ್ಬ ಹುಡುಗ ಯಾವ ಬೀಜ ತೋರಿಸಿದರೂ ಥಟ್ಟಂತ ಹೆಸರು ಹೇಳ್ತಿದ್ದ. 'ಇದಕ್ಕೂ ಮಾರ್ಕ್ಸ್ ಕೊಡ್ತಾರೇನ್ರೀ ಸರ?' ಅಂದ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಮಕ್ಕಳನ್ನ ಸುಮ್ನೆ ಸುತ್ತಾಡಿಸಬೇಡಿ, ಅಲ್ಲಿ ಓದುತ್ತಿರೋರ ಹತ್ತಿರ ಮಾತಾಡಿಸಿ.

ಧಾರವಾಡದಿಂದ ಇನ್ನೊಬ್ಬರು: ಯಾವ ಮಗುವಾದರೂ ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ ಕೋರ್ಸಿನ ಮಾತು ಬದಿಗಿಡಿ. ಮನೆಯವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಕೊಡಿ, ಇಲ್ಲಾ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್ ರೀ. ಹತ್ತು ನಿಮಿಷದ ಆಟ ನಿನ್ನೆ ಆಡಿದೆವು. ನಾನು ಎರಡನೇ ನಿಮಿಷಕ್ಕೇ ಔಟ್.