ಮಳೆಗಾಲದಲ್ಲಿ ಸಿಲಿಂಡರ್ ಬೇಗ ಖಾಲಿ: ಸೋರಿಕೆಯಾ, ತೂಕ ಕಮ್ಮಿಯಾ?

ತುಂಗಾತೀರ (ತೀರ್ಥಹಳ್ಳಿ):
ಮನೆಯಲ್ಲಿ ನಾಲ್ಕು ಜನ. ಬೇಸಿಗೆಯಲ್ಲಿ 14.2 ಕೆಜಿ ಸಿಲಿಂಡರ್ 42 ದಿನ ಬರುತ್ತಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ 26 ದಿನಕ್ಕೇ ಮುಗಿಯುತ್ತಿದೆ. ಅಡುಗೆ ಮೊದಲಿನಷ್ಟೇ. ಸ್ನಾನಕ್ಕೆ ಗ್ಯಾಸ್ ಗೀಸರ್, ಒಬ್ಬರಿಗೆ ಸುಮಾರು 30 ಲೀಟರ್. ಒಲೆಗೂ ಗೀಸರಿಗೂ ಒಂದೇ ಸಿಲಿಂಡರ್, ನಡುವೆ ಟೀ (ಒಂದು ಪೈಪನ್ನು ಎರಡಾಗಿ ಕವಲೊಡೆಸುವ T ಆಕಾರದ ಜೋಡಣೆ) ಹಾಕಿ ರಬ್ಬರ್ ಪೈಪ್ ಎಳೆದಿದೆ. ಮಳೆ ಶುರುವಾದಾಗಿನಿಂದ ಕುಡಿಯುವ ನೀರು ದಿನಕ್ಕೆ 5 ಲೀಟರ್ ಕುದಿಸುತ್ತಿದ್ದೇವೆ. ಒಲೆಯ ಉರಿ ಸ್ವಲ್ಪ ಹಳದಿಯಾಗಿದೆ. ಎಲ್ಲಿಂದ ನೋಡಬೇಕು?

ಲೆಕ್ಕದಪುಸ್ತಕ (ಶಿವಮೊಗ್ಗ):
ಸೋರಿಕೆ ಹುಡುಕುವ ಮೊದಲು ನೀರಿನ ಲೆಕ್ಕ ನೋಡಿ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು 1 ಕಿಲೋ ಕ್ಯಾಲೊರಿ ಬೇಕು. ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 10,900 ಇದೆ. ಗೀಸರಿನಲ್ಲಿ ನೀರಿಗೆ ದಕ್ಕುವುದು ಹೆಚ್ಚುಕಮ್ಮಿ 8,700.

ನಿಮ್ಮದು ದಿನಕ್ಕೆ 120 ಲೀಟರ್. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರೇ 28 ಡಿಗ್ರಿ ಇರುತ್ತದೆ, 38ಕ್ಕೆ ಏರಿಸಿದರೆ ಸಾಕು: 1,200 ಕಿಲೋ ಕ್ಯಾಲೊರಿ, ಅಂದರೆ 140 ಗ್ರಾಂ ಗ್ಯಾಸ್. ಈಗ ನೀರು 20ರ ಹತ್ತಿರ, ಚಳಿಗೆ 41 ಬೇಕೆನಿಸುತ್ತದೆ. 120 × 21 = 2,520, ಅಂದರೆ 290 ಗ್ರಾಂ. ಒಲೆಯ ಮೇಲೆ 5 ಲೀಟರ್ ಕುದಿಸಲು ಇನ್ನೊಂದು 60 ಗ್ರಾಂ. ಅಡುಗೆಗೆ 200 ಗ್ರಾಂ ಹಿಡಿದರೆ ಬೇಸಿಗೆಯಲ್ಲಿ ದಿನಕ್ಕೆ 340, ಈಗ 550. 14.2 ಕೆಜಿಯನ್ನು ಭಾಗಿಸಿ ನೋಡಿ: ಆಗ 42 ದಿನ, ಈಗ 26. ನೀವು ಕೊಟ್ಟ ದಿನಗಳಿಗೆ ಸರಿಯಾಗಿ ಕೂಡಿಬರುತ್ತದೆ, ಗ್ಯಾಸ್ ಹೋಗುತ್ತಿರುವುದು ಬಚ್ಚಲಿಗೆ.

ಆದರೂ ತೂಕ ಖಾತ್ರಿ ಮಾಡಿಕೊಳ್ಳಿ. ಸಿಲಿಂಡರಿನ ಹಿಡಿಕೆಯ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ. 15.3 ಎಂದಿದ್ದರೆ ತುಂಬಿದ್ದು 29.5 ಕೆಜಿ ತೂಗಬೇಕು. ತಂದುಕೊಡುವವರ ಕೈಯಲ್ಲೇ ತೂಗಿಸಿ, ಸೀಲ್ ನೋಡಿ, ಆಮೇಲೆ ಸಹಿ ಮಾಡಿ. ಅಡಿಕೆ ತೂಗುವ ಕೊಕ್ಕೆ ಕಾಟಾ ಮನೆಯಲ್ಲಿದ್ದರೆ ವಾರಕ್ಕೊಮ್ಮೆ ನೇತುಹಾಕಿ ಬರೆದಿಡಿ. ಸ್ನಾನ, ಅಡುಗೆ ಎರಡೂ ಇಲ್ಲದೆ ಊರಿಗೆ ಹೋಗಿ ಬಂದಾಗಲೂ ತೂಕ ಇಳಿದಿದ್ದರೆ ಸೋರಿಕೆ.

ಒಲೆರಿಪೇರಿ (ಸಾಗರ):
ಆ ಟೀ ಇವತ್ತೇ ತೆಗೆಸಿ. ರಬ್ಬರ್ ಪೈಪಿಗೆ ಕ್ಲಿಪ್ ಬಿಗಿದು ಮಾಡಿದ ಜೋಡಣೆ ಸಡಿಲಾಗುವುದು ಅಲ್ಲೇ, ಮಳೆಗಾಲದಲ್ಲಿ ಒಳಗೆ ಸೇರುವ ಇಲಿ ಕಡಿಯುವುದೂ ಆ ಉದ್ದ ಪೈಪನ್ನೇ. ಎರಡನೇ ಸಿಲಿಂಡರ್ ತೆಗೆದುಕೊಂಡು ಗೀಸರಿಗೆ ಬೇರೆ ಮಾಡಿ. ಯಾವುದಕ್ಕೆ ಎಷ್ಟು ಖರ್ಚು ಎಂದೂ ತಾನಾಗಿ ತಿಳಿಯುತ್ತದೆ. ಪೈಪ್ ಐದು ವರ್ಷಕ್ಕೊಮ್ಮೆ ಬದಲಿಸಿ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿ, ಕಡ್ಡಿ ಗೀರಿ ನೋಡಬೇಡಿ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು, ಗೀಸರ್ ಬಚ್ಚಲ ಒಳಗಿದೆಯಾ? ಇದ್ದರೆ ಹೊರಗೋಡೆಗೆ ಹಾಕಿಸಿ, ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಚಳಿಗೆ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಒಳಗಿದ್ದವರಿಗೆ ಕೂಗಲೂ ಆಗುವುದಿಲ್ಲ.

ಹಳದಿ ಉರಿಗೆ ಕಾರಣ ಗಾಳಿ ಸಾಲದಿರುವುದು. ಬರ್ನರ್ ತಲೆ ತೆಗೆದು ಬಿಸಿನೀರಿಗೆ ಹುಣಸೆಹಣ್ಣು ಕಿವುಚಿ ಅರ್ಧ ಗಂಟೆ ನೆನೆಸಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿ ಕೂರಿಸಿ. ಒಲೆಯ ಅಡಿಯ ಮಿಶ್ರಣದ ಕೊಳವೆಯಲ್ಲಿ ಜೇಡ ಬಲೆ ಕಟ್ಟಿರುತ್ತದೆ, ಅದನ್ನು ಸಣ್ಣ ಬ್ರಷ್‌ನಿಂದ ತೆಗೆಯಿರಿ. ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಜೆಟ್ಟಿಗೆ ಮಾತ್ರ ಸೂಜಿ ಹಾಕಬೇಡಿ. ಆ ಹಿತ್ತಾಳೆ ತೂತು ಕೂದಲೆಳೆಯಷ್ಟು ಅಗಲವಾದರೂ ಗ್ಯಾಸ್ ಜಾಸ್ತಿ ಬರುತ್ತದೆ, ಗಾಳಿ ಅಷ್ಟೇ ಇರುತ್ತದೆ. ಉರಿ ಮತ್ತೂ ಹಳದಿ, ಪಾತ್ರೆ ತಳ ಮತ್ತೂ ಕಪ್ಪು. ಕಟ್ಟಿದ್ದರೆ ಹೊಸ ಜೆಟ್ ಹಾಕಿಸಿ.

ಸೋಗೆಮನೆ (ಹೊಸನಗರ):
ಹಂಡೆ ಒಲೆ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೀಸರ್ ಬೇಡವೇ ಬೇಡ ಮಾರಾಯ್ರೆ. ಅಡಿಕೆ ಸಿಪ್ಪೆ ಮಳೆಗೆ ಮೊದಲೇ ಕೊಟ್ಟಿಗೆಯ ಅಟ್ಟಕ್ಕೆ ಸೇರಬೇಕು, ಹಸಿಯಾದರೆ ಬರೀ ಹೊಗೆ. ಕುಡಿಯುವ ನೀರನ್ನೂ ಒಲೆಯ ಪಕ್ಕದ ಗುಂಡಿಯಲ್ಲಿ ಬೇರೆ ಪಾತ್ರೆ ಇಟ್ಟು ಕಾಯಿಸಿಕೊಳ್ಳಿ. ಅರ್ಧ ಬಿಸಿಯಾದದ್ದನ್ನು ಗ್ಯಾಸಿನ ಮೇಲೆ ಕುದಿಸಿದರೆ ಆ 60 ಗ್ರಾಂ ಅರ್ಧಕ್ಕಿಳಿಯುತ್ತದೆ.

ಗೋಬರ್ ಗ್ಯಾಸ್ ನೆಚ್ಚಿಕೊಳ್ಳುವವರಿಗೆ: ಒಂದು ಘನ ಮೀಟರ್ ಅನಿಲ ಹೆಚ್ಚುಕಮ್ಮಿ 430 ಗ್ರಾಂ ಎಲ್‌ಪಿಜಿಗೆ ಸಮ, ಅದಕ್ಕೆ ದಿನಕ್ಕೆ 25 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಥಂಡಿಯಲ್ಲಿ ಉತ್ಪತ್ತಿ ಇಳಿಯುತ್ತದೆ. ಸಗಣಿ ಹಾಕುವ ಬಾಯಿಗೆ ಮಳೆನೀರು ಸೇರದ ಹಾಗೆ ನೋಡಿಕೊಳ್ಳಿ.

ತುಂಗಾತೀರ:
ಗೀಸರ್ ಒಳಗೇ ಇದೆ, ಹೊರಗೆ ಹಾಕಿಸುತ್ತೇವೆ. ಹಂಡೆ ಒಲೆ ಇಲ್ಲ. ಕರೆಂಟಿನ ಗೀಸರ್ ಹಾಕಿದರೆ ಹೇಗೆ? ಗೃಹಜ್ಯೋತಿ ಇದೆ.

ಲೆಕ್ಕದಪುಸ್ತಕ:
ಅದೇ 2,520 ಕಿಲೋ ಕ್ಯಾಲೊರಿಗೆ ದಿನಕ್ಕೆ 3 ಯೂನಿಟ್ ಮೇಲೆ, ತಿಂಗಳಿಗೆ ಸುಮಾರು 95. ಗೃಹಜ್ಯೋತಿಯಲ್ಲಿ ನಿಮ್ಮ ಪಾಲಿಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಿನದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಕಳೆದ ಮೂರು ಬಿಲ್ ತೆಗೆದು 95 ಕೂಡಿಸಿ ನೋಡಿ. 200ರ ಹತ್ತಿರ ಬಂದರೆ ಗ್ಯಾಸ್ ಗೀಸರ್ ಇಟ್ಟುಕೊಂಡು ಬಕೆಟ್ ಲೆಕ್ಕದಲ್ಲಿ ಹಿಡಿಯಿರಿ. ಸೋಪು ಹಚ್ಚುವಾಗ ನಲ್ಲಿ ನಿಂತರೆ ಉರಿಯೂ ನಿಲ್ಲುತ್ತದೆ.